ಅಮೆರಿಕದ ವಿದೇಶಾಂಗ ಇತಿಹಾಸ ಪಾಠ ಮಾಡಬೇಕೆ? ಕಡತದಿಂದ ಶುರು ಮಾಡಿ

ಅಮೆರಿಕ ಬೇರೆ ದೇಶಗಳ ಜೊತೆ ಹೇಗೆ ನಡೆದುಕೊಂಡಿತು, ಯಾಕೆ ಹಾಗೆ ನಡೆದುಕೊಂಡಿತು ಅನ್ನುವುದನ್ನೇ ಪಾಠ ಹೇಳಿಕೊಂಡು ಬದುಕುವವರಿದ್ದಾರೆ. ಅಲ್ಲಿನ ಇತಿಹಾಸ ವಿಭಾಗಗಳಲ್ಲಿ ಇದು ಹಳೆಯ ಕಸುಬು. 1967ರಲ್ಲಿ ಇವರು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಶಾಫರ್ ಅಂತ ಅದರ ಚಿಕ್ಕ ಹೆಸರು. 1977ರಿಂದ 'ಡಿಪ್ಲೊಮ್ಯಾಟಿಕ್ ಹಿಸ್ಟರಿ' ಅನ್ನುವ ಪತ್ರಿಕೆಯೂ ಬರುತ್ತಿದೆ.

ಈ ದಾರಿ ಹಿಡಿಯಬೇಕು ಅಂತಿರುವ ಹುಡುಗ ಹುಡುಗಿಯರು ಸಾಮಾನ್ಯವಾಗಿ ಮೊದಲು ಕೇಳುವುದು "ಯಾವ ಯೂನಿವರ್ಸಿಟಿಗೆ ಹೋಗಲಿ?" ಅಂತ. ಅದು ಮೂರನೇ ಪ್ರಶ್ನೆ. ಹಳೆಯ ಸರ್ಕಾರಿ ಕಡತ ಓದೋದು ನಿಮಗೆ ಇಷ್ಟವಾಗುತ್ತದಾ ಅನ್ನುವುದು ಮೊದಲನೆಯದು. ಆ ಕಡತದ ಮುಂದೆ ಇಡಲು ನಿಮ್ಮ ಹತ್ತಿರ ಏನಾದರೂ ಪ್ರಶ್ನೆ ಇದೆಯಾ ಅನ್ನುವುದು ಎರಡನೆಯದು. ಇವೆರಡೂ ಇತ್ಯರ್ಥವಾದ ಮೇಲೆ ಡಿಗ್ರಿ, ಫೆಲೋಶಿಪ್, ವೀಸಾ. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಮೊದಲ ಹೆಜ್ಜೆ: ಪೈಸೆ ಖರ್ಚಿಲ್ಲದೆ ಓದಿ ನೋಡಿ

ಅಮೆರಿಕದ ವಿದೇಶಾಂಗ ಇಲಾಖೆ, ಅಂದರೆ ಸ್ಟೇಟ್ ಡಿಪಾರ್ಟ್‌ಮೆಂಟ್, 1861ರಿಂದ ತನ್ನ ಕಡತಗಳನ್ನು ಆಯ್ದು ಸಂಪುಟಗಳಾಗಿ ಪ್ರಕಟಿಸುತ್ತ ಬಂದಿದೆ. ಲಿಂಕನ್ ಕಾಲದಲ್ಲಿ ಶುರುವಾದ ಕೆಲಸ ಇದು. 'ಫಾರಿನ್ ರಿಲೇಷನ್ಸ್ ಆಫ್ ದಿ ಯುನೈಟೆಡ್ ಸ್ಟೇಟ್ಸ್' ಅನ್ನುವುದು ಪೂರ್ತಿ ಹೆಸರು. ಈ ಕಸುಬಿನವರೆಲ್ಲ ಕರೆಯುವುದು 'ಫ್ರಸ್' ಅಂತ. ಇಲಾಖೆಯ ಇತಿಹಾಸ ಕಚೇರಿಯ ವೆಬ್‌ಸೈಟಿನಲ್ಲಿ ನೂರಾರು ಸಂಪುಟಗಳು ಪುಕ್ಕಟೆ ಸಿಗುತ್ತವೆ. ಮೊಬೈಲಿನಲ್ಲೂ ಓದಬಹುದು.

ಎಲ್ಲಿಂದ ಶುರು ಮಾಡಬೇಕು? ನಮಗೆ ಹತ್ತಿರದ್ದರಿಂದಲೇ ಶುರು ಮಾಡಿ. 1969–1976ರ ಸರಣಿಯ 11ನೇ ಸಂಪುಟ ಪೂರ್ತಿ 1971ರ ದಕ್ಷಿಣ ಏಷ್ಯಾ ಬಿಕ್ಕಟ್ಟಿನದು. ಅದರಲ್ಲಿ ಏಪ್ರಿಲ್ 6ರ ಒಂದು ಟೆಲಿಗ್ರಾಂ ಇದೆ, ನಂಬರ್ 1138. ಢಾಕಾದ ಅಮೆರಿಕನ್ ಕಾನ್ಸುಲೇಟ್ ಜನರಲ್ ಕಚೇರಿ ವಾಷಿಂಗ್ಟನ್ನಿಗೆ ಕಳಿಸಿದ್ದು. ಪೂರ್ವ ಪಾಕಿಸ್ತಾನದಲ್ಲಿ ಪಾಕಿಸ್ತಾನಿ ಸೈನ್ಯ ಜನರನ್ನು ಕೊಲ್ಲುತ್ತಿದೆ, ನಮ್ಮ ಸರ್ಕಾರ ಬಾಯಿ ಮುಚ್ಚಿಕೊಂಡಿದೆ, ಈ ನೀತಿಗೆ ನಮ್ಮ ವಿರೋಧವಿದೆ ಅಂತ ಅಲ್ಲಿದ್ದ 20 ಜನ ಅಮೆರಿಕನ್ನರು ಸಹಿ ಹಾಕಿದ್ದಾರೆ.

ಇದನ್ನು ಸುಮ್ನೆ ಕಥೆಯ ಹಾಗೆ ಓದಬೇಡಿ. ಮೊದಲು ತಲೆಬರಹ ನೋಡಿ. ಯಾರಿಂದ ಯಾರಿಗೆ, ಎಷ್ಟು ಗಂಟೆಗೆ, ಎಷ್ಟು ಗುಟ್ಟು? ಇಷ್ಟು ಕಟುವಾದ ಕಾಗದಕ್ಕೆ ಹಾಕಿರುವ ಮುದ್ರೆ ಬರೀ 'ಕಾನ್ಫಿಡೆನ್ಷಿಯಲ್'. 'ಸೀಕ್ರೆಟ್' ಕೂಡ ಅಲ್ಲ. ಗುಟ್ಟಿನ ದರ್ಜೆ ಕಡಿಮೆ ಇದ್ದಷ್ಟೂ ಕಾಗದ ಜಾಸ್ತಿ ಮೇಜುಗಳಿಗೆ ಹೋಗುತ್ತದೆ. ಅಧ್ಯಕ್ಷ ನಿಕ್ಸನ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಕಿಸಿಂಜರ್ ಈ ಟೆಲಿಗ್ರಾಂ ನೋಡಿ ಸಿಟ್ಟಾಗಿದ್ದಕ್ಕೆ ಇದೂ ಒಂದು ಕಾರಣ. ಆಮೇಲೆ ಕೊನೆಗೆ ಬನ್ನಿ. ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಆ 20 ಸಹಿಗಳ ಸಾಲಿನಲ್ಲಿಲ್ಲ. ಅವರ ಅಭಿಪ್ರಾಯವೇ ನನ್ನದೂ, ಆದರೆ ಈ ಕಚೇರಿಯ ಮುಖ್ಯಸ್ಥನಾಗಿ ಇರುವವರೆಗೆ ನಾನು ಸಹಿ ಹಾಕುವುದು ಸರಿಯಲ್ಲ ಅಂತ ಕೆಳಗೆ ಬೇರೆಯಾಗಿ ಬರೆದಿದ್ದಾರೆ. ನಮ್ಮ ತಾಲ್ಲೂಕು ಕಚೇರಿಯ ಕಡತಗಳಲ್ಲಿ ಷರಾ ಓದಿ ಅಭ್ಯಾಸ ಇದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸಹಿ ಹಾಕದೆಯೇ ಸಹಿ ಹಾಕಿದ ಅಧಿಕಾರಿ.

ಈಗ ಅದೇ ಸಂಪುಟದಲ್ಲಿ ಅದರ ಪಕ್ಕದ ದಾಖಲೆಗೆ ಹೋಗಿ. ಅದೇ ದಿನ ವಿದೇಶಾಂಗ ಕಾರ್ಯದರ್ಶಿ ರಾಜರ್ಸ್ ಮತ್ತು ಕಿಸಿಂಜರ್ ಫೋನಿನಲ್ಲಿ ಆಡಿದ ಮಾತು ಅಲ್ಲಿದೆ. ಜನ ಸಾಯುತ್ತಿರುವುದಕ್ಕಿಂತ ಟೆಲಿಗ್ರಾಂ ಸೋರಿ ಪತ್ರಿಕೆಗೆ ಹೋದರೆ ಅನ್ನುವ ಚಿಂತೆಯೇ ಅವರಿಗೆ ದೊಡ್ಡದು. ಯಾಕೆ ಅಂತ ಹುಡುಕುತ್ತ ಜುಲೈಗೆ ಬಂದರೆ, ಕಿಸಿಂಜರ್ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗಿಗೆ ಹೋಗಿದ್ದು ಸಿಗುತ್ತದೆ. ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಆಗ ಚೀನಾಕ್ಕೆ ಇದ್ದ ಬಾಗಿಲು.

ಹೀಗೆ ಒಂದು ಕಾಗದದಿಂದ ಇನ್ನೊಂದಕ್ಕೆ ಹೋಗುವಾಗ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ ಅಂದರೆ ಈ ಕೆಲಸ ನಿಮಗೆ ಒಗ್ಗುತ್ತದೆ. ಒಂದು ತಿಂಗಳು ಓದಿಯೂ ಆಕಳಿಕೆಯೇ ಬಂದರೆ ಬೇರೆ ವಿಷಯ ನೋಡಿಕೊಳ್ಳಿ. ಪಿಎಚ್‌ಡಿಯ ಆರು ವರ್ಷ ಉಳಿಯುತ್ತದೆ.

ಒಂದು ಎಚ್ಚರಿಕೆ. ಫ್ರಸ್‌ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಬೇಡಿ. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದ್ದೆಕ್ ಅವರನ್ನು ಇಳಿಸಿದ್ದರಲ್ಲಿ ಸಿಐಎ ಕೈವಾಡ ಇತ್ತಲ್ಲ, 1989ರಲ್ಲಿ ಬಂದ ಇರಾನ್ ಸಂಪುಟದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಇತಿಹಾಸಕಾರರು ಗಲಾಟೆ ಮಾಡಿದರು. ಫ್ರಸ್‌ಗೆ ಸಲಹೆ ಕೊಡುವ ಸಮಿತಿಯ ಅಧ್ಯಕ್ಷ ವಾರೆನ್ ಕೋಹೆನ್ ರಾಜೀನಾಮೆ ಕೊಟ್ಟರು. ಅದರ ಫಲವಾಗಿ 1991ರಲ್ಲಿ ಕಾಯಿದೆಯೇ ಬಂತು: ಮುಖ್ಯ ವಿಷಯ ಬಿಡುವಂತಿಲ್ಲ, 30 ವರ್ಷದೊಳಗೆ ಪ್ರಕಟಿಸಬೇಕು. ಬಿಟ್ಟುಹೋಗಿದ್ದ ಇರಾನ್ ಕಡತಗಳು ಕೊನೆಗೂ ಬಂದಿದ್ದು 2017ರಲ್ಲಿ. ಯಾವ ಸಂಪುಟ ಓದುವಾಗಲೂ 'ಇಷ್ಟು ಸಾಲು ಬಿಡುಗಡೆಯಾಗಿಲ್ಲ' ಅನ್ನುವ ಚೌಕಾವರಣದ ಸಾಲುಗಳನ್ನು ದಾಟಿ ಹೋಗಬೇಡಿ. ಅಲ್ಲೇ ಏನೋ ಇರುತ್ತದೆ.

ಎರಡನೇ ಹೆಜ್ಜೆ: ಎರಡು ತುದಿ ಇರುವ ಪ್ರಶ್ನೆ ಹಿಡಿಯಿರಿ

ಟ್ರೂಮನ್ ಏನು ಯೋಚಿಸಿದ, ಕೆನಡಿ ಏನು ಯೋಚಿಸಿದ ಅನ್ನುವುದರ ಮೇಲೆ ಅಮೆರಿಕದಲ್ಲೇ ಹುಟ್ಟಿ ಬೆಳೆದವರು ರಾಶಿ ರಾಶಿ ಬರೆದಿದ್ದಾರೆ. ಅಲ್ಲಿ ಅವರ ಜೊತೆ ಸ್ಪರ್ಧೆಗೆ ಇಳಿಯುವುದರಲ್ಲಿ ನಿಮಗೆ ಲಾಭವಿಲ್ಲ. ನಿಮ್ಮ ಲಾಭ ಇರುವುದು ಇನ್ನೊಂದು ತುದಿಯಲ್ಲಿ. ವಾಷಿಂಗ್ಟನ್ನಿನ ಕಡತ ಒಂದು ಕೈಯಲ್ಲಿ, ದೆಹಲಿಯದೋ ಬೆಂಗಳೂರಿನದೋ ಕಡತ ಇನ್ನೊಂದು ಕೈಯಲ್ಲಿ ಇದ್ದವರು ಕಡಿಮೆ. ಈ ವಿಷಯ ಈಗ ಹೋಗುತ್ತಿರುವುದೂ ಆ ಕಡೆಗೇ. ರಾಯಭಾರಿಗಳ ಪತ್ರ ಮಾತ್ರ ನೋಡುವ ಕಾಲ ಹೋಯಿತು. ನೆರವು, ಗೋಧಿ, ವಿಶ್ವವಿದ್ಯಾಲಯ, ಮಿಷನರಿ, ವಲಸೆ ಎಲ್ಲವೂ ವಿದೇಶಾಂಗ ಸಂಬಂಧವೇ.

ನಮ್ಮ ಕಡೆಯ ಮೂರು ದಾರ ಹೇಳುತ್ತೇನೆ.

ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರನ್ನು ನಾವು ಸಂವಿಧಾನದ ಸಲಹೆಗಾರರಾಗಿ ನೆನೆಯುತ್ತೇವೆ. ಅಮೆರಿಕದ ಕಡತಗಳಲ್ಲಿ ಅವರದ್ದು ಇನ್ನೊಂದೇ ಮುಖ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಅವರೇ. ಅದೇ ಅಕ್ಟೋಬರ್‌ನಲ್ಲಿ, ಅಮೆರಿಕದ ಸೈನ್ಯ ಎರಡು ಕೊರಿಯಾಗಳ ನಡುವಿನ ಗೆರೆಯಾದ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರಲ್ಲ ಅಂತ ಚೀನಾದ ಪ್ರಧಾನಿ ಚೌ ಎನ್‌ಲಾಯ್ ನಡುರಾತ್ರಿ ಭಾರತದ ರಾಯಭಾರಿ ಪಣಿಕ್ಕರ್ ಅವರನ್ನು ಕರೆಸಿ ಹೇಳಿದರು. ಆ ಮಾತು ದೆಹಲಿ ಮೂಲಕ ವಾಷಿಂಗ್ಟನ್ ಮುಟ್ಟಿತು. ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆ ಹಾಕಿಕೊಳ್ಳಲಿಲ್ಲ ಅನ್ನುವುದು ಒಂದು ಪೂರ್ತಿ ಪ್ರಬಂಧದ ವಿಷಯ. ನರಸಿಂಗ ರಾಯರ ತಮ್ಮ ರಾಮ ರಾವ್ 1948–49ರಲ್ಲಿ ವಾಷಿಂಗ್ಟನ್ನಿನಲ್ಲೇ ರಾಯಭಾರಿ ಆಗಿದ್ದರು ಅನ್ನುವುದು ಇನ್ನೊಂದು ಎಳೆ.

ಎರಡನೆಯದು ಹೆಬ್ಬಾಳದ್ದು. 1964ರಲ್ಲಿ ಶುರುವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಅಮೆರಿಕ ಸರ್ಕಾರದ ನೆರವಿನಲ್ಲಿ ಟೆನೆಸ್ಸೀ ವಿಶ್ವವಿದ್ಯಾಲಯದ ತಜ್ಞರು ಬಂದು ಕೆಲಸ ಮಾಡಿದರು. ಶೀತಲ ಸಮರದ ಕಾಲದಲ್ಲಿ ಒಂದು ದೇಶ ಇನ್ನೊಂದು ದೇಶಕ್ಕೆ ಹೊಲದ ವಿದ್ಯೆ ಕಲಿಸಲು ಯಾಕೆ ದುಡ್ಡು ಸುರಿಯಿತು?

ಮೂರನೆಯದು ನಿಮ್ಮ ಮನೆಯಲ್ಲೇ ಇರಬಹುದು. ಅಪ್ಪ ಅಮ್ಮನನ್ನೋ ಅಜ್ಜ ಅಜ್ಜಿಯನ್ನೋ ಕೇಳಿ ನೋಡಿ, ಶಾಲೆಯಲ್ಲಿ ಕೊಡುತ್ತಿದ್ದ, ಕೇರ್ ಅನ್ನುವ ಅಮೆರಿಕನ್ ನೆರವು ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ನೆನಪಿದೆಯಾ ಅಂತ. ಆ ಹಿಟ್ಟು, ಆ ಪುಡಿ ಬಂದಿದ್ದು ಅಮೆರಿಕ ತನ್ನಲ್ಲಿ ಮಿಕ್ಕ ಧಾನ್ಯವನ್ನು ಬೇರೆ ದೇಶಗಳಿಗೆ ಕಳಿಸಲು ಮಾಡಿಕೊಂಡ 1954ರ ಪಿಎಲ್-480 ಕಾಯಿದೆಯ ದಾರಿಯಲ್ಲಿ. 1965–66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಅಳೆದು ಸುರಿದು, ತಿಂಗಳು ತಿಂಗಳಿಗೆ ಕಳಿಸಿದರು. ಕೃಷಿ ನೀತಿ ಬದಲಾಯಿಸಿ ಅನ್ನುವ ಒತ್ತಡ ಅದರ ಹಿಂದೆ ಇತ್ತು, ವಿಯೆಟ್ನಾಂ ಬಗ್ಗೆ ಭಾರತದ ಟೀಕೆಗೆ ಮುನಿಸೂ ಇತ್ತು. ಆ ಕಥೆಯ ವಾಷಿಂಗ್ಟನ್ ತುದಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಜಾನ್ಸನ್ ಲೈಬ್ರರಿಯಲ್ಲಿದೆ. ನಮ್ಮ ತುದಿ ರಾಜ್ಯ ಪತ್ರಾಗಾರದಲ್ಲಿ, ಆ ವರ್ಷಗಳ ಪ್ರಜಾವಾಣಿ, ಸಂಯುಕ್ತ ಕರ್ನಾಟಕದ ಹಳೆಯ ಸಂಚಿಕೆಗಳಲ್ಲಿದೆ. ಎರಡನೆಯದನ್ನು ಓದಲು ಕನ್ನಡ ಬರಬೇಕು. ನಿಮಗೆ ಬರುತ್ತದೆ, ಅಲ್ವಾ?

ಮೂರನೇ ಹೆಜ್ಜೆ: ಡಿಗ್ರಿಯ ದಾರಿ

ಇಲ್ಲಿಯೇ ಇರುತ್ತೇನೆ ಅನ್ನುವವರಿಗೆ ದಾರಿ ಗೊತ್ತಿರುವುದೇ. ಇತಿಹಾಸದಲ್ಲಿ ಎಂಎ, ಶೇಕಡ 55 ಅಂಕ, ಆಮೇಲೆ ನೆಟ್ ಅಥವಾ ಕೆ-ಸೆಟ್. ಯುಜಿಸಿ 2023ರಲ್ಲಿ ನಿಯಮ ಬದಲಿಸಿದ ಮೇಲೆ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ. ಪಿಯು ಉಪನ್ಯಾಸಕರಾಗಬೇಕಾದರೆ ಎಂಎ ಜೊತೆ ಬಿಎಡ್ ಬೇಕು. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ನಮ್ಮ ಕಾಲೇಜುಗಳು ನಿಮ್ಮನ್ನು ತೆಗೆದುಕೊಳ್ಳುವುದು ಇತಿಹಾಸದ ಉಪನ್ಯಾಸಕರು ಅಂತ, ಅಮೆರಿಕ ತಜ್ಞರು ಅಂತ ಅಲ್ಲ. ಕದಂಬರು, ಹೊಯ್ಸಳರು, ವಿಜಯನಗರ ಎಲ್ಲ ಹೇಳಬೇಕು. ಅಮೆರಿಕ ಬರುವುದು ಆಧುನಿಕ ಜಗತ್ತಿನ ಪತ್ರಿಕೆಯಲ್ಲೋ, ಇದ್ದರೆ ಅಮೆರಿಕದ ಇತಿಹಾಸದ ಪತ್ರಿಕೆಯಲ್ಲೋ ಅಷ್ಟೇ. ಸಂಶೋಧನೆಯಲ್ಲಿ ಮಾತ್ರ ಅದು ಪೂರ್ತಿ ನಿಮ್ಮದು. ದೆಹಲಿಯ ಜೆಎನ್‌ಯುನಲ್ಲಿ ಅಮೆರಿಕದ ಅಧ್ಯಯನಕ್ಕೆ ಕೇಂದ್ರವಿದೆ. ಆದರೆ ಅದಿರುವುದು ಅಂತರರಾಷ್ಟ್ರೀಯ ಸಂಬಂಧಗಳ ಶಾಲೆಯಲ್ಲಿ, ಇತಿಹಾಸ ವಿಭಾಗದಲ್ಲಲ್ಲ. ಓದಿಸುವ ರೀತಿಯೂ ಬೇರೆ.

ಅಮೆರಿಕಕ್ಕೆ ಹೋಗಿ ಪಿಎಚ್‌ಡಿ ಮಾಡುವುದಾದರೆ ಐದರಿಂದ ಏಳು ವರ್ಷ ಇಟ್ಟುಕೊಳ್ಳಿ. ಮೊದಲ ಎರಡು ವರ್ಷ ಕ್ಲಾಸು. ಆಮೇಲೆ ಸಮಗ್ರ ಪರೀಕ್ಷೆ. ನೂರಾರು ಪುಸ್ತಕಗಳ ಪಟ್ಟಿ ಓದಿ, ಪ್ರಾಧ್ಯಾಪಕರ ಮುಂದೆ ಕೂತು ಉತ್ತರ ಹೇಳಬೇಕು. ಅದು ಮುಗಿದ ಮೇಲೆ ಪ್ರಬಂಧ. ಬೇರೆ ಭಾಷೆಯ ಪರೀಕ್ಷೆಯೂ ಇರುತ್ತದೆ. ನಿಮ್ಮ ವಿಷಯಕ್ಕೆ ಬೇಕಾದ ಭಾರತೀಯ ಭಾಷೆಯನ್ನೇ ಒಪ್ಪುತ್ತಾರಾ ಅಂತ ವಿಭಾಗದವರನ್ನು ಮೊದಲೇ ಕೇಳಿಕೊಳ್ಳಿ.

ಫೀಸ್ ಮನ್ನಾ ಮಾಡಿ, ಪಾಠದ ಸಹಾಯಕ್ಕೆ ಪ್ರತಿಯಾಗಿ ಸ್ಟೈಪೆಂಡ್ ಕೊಡುವ ಕಡೆಗೆ ಮಾತ್ರ ಹೋಗಿ. ಸೀಟು ಕೊಡುತ್ತೇವೆ, ದುಡ್ಡು ನಿಮ್ಮದು ಅಂದರೆ ಕೈ ಮುಗಿದು ಬಿಟ್ಟುಬಿಡಿ. ಇತಿಹಾಸದ ಪಿಎಚ್‌ಡಿಗೆ ಸಾಲ ಮಾಡಿ ತೀರಿಸಿದವರನ್ನು ನಾನು ಕಂಡಿಲ್ಲ.

ಯೂನಿವರ್ಸಿಟಿ ಯಾವುದು? ಟೆಂಪಲ್, ಒಹಾಯೋ ಸ್ಟೇಟ್, ವರ್ಜೀನಿಯಾ, ಆಸ್ಟಿನ್‌ನ ಟೆಕ್ಸಸ್, ವಿಸ್ಕಾನ್ಸಿನ್ ಈ ವಿಷಯಕ್ಕೆ ಹೆಸರಾದವು. ಲಂಡನ್ನಿನ ಎಲ್‌ಎಸ್‌ಇ ಕೂಡ. ಆದರೆ ಹೆಸರಿಗಿಂತ ಮನುಷ್ಯರನ್ನು ನೋಡಿ. ನಿಮ್ಮ ಪ್ರಶ್ನೆಗೆ ಹತ್ತಿರದ ಕೆಲಸ ಮಾಡುವ ಪ್ರಾಧ್ಯಾಪಕರು ಈಗಲೂ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರಾ, ಇಲ್ಲ ನಿವೃತ್ತಿಯ ಅಂಚಿನಲ್ಲಿದ್ದಾರಾ? ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಒಂದು ಚಿಕ್ಕ ಇಮೇಲ್ ಹಾಕಿ ಕೇಳಿ. ಹತ್ತು ಸಾಲು ಸಾಕು. ನಿಮ್ಮ ಪ್ರಶ್ನೆ ಏನು, ಅದಕ್ಕೆ ಯಾವ ಕಡತ ನೋಡಿದ್ದೀರಿ, ಅವರ ಯಾವ ಕೆಲಸ ಓದಿ ಬರೆಯುತ್ತಿದ್ದೀರಿ. "ರೆಸ್ಪೆಕ್ಟೆಡ್ ಸರ್, ಚಿಕ್ಕಂದಿನಿಂದಲೂ ನನಗೆ ಇತಿಹಾಸ ಅಂದರೆ ಆಸಕ್ತಿ" ಅನ್ನುವ ಪೀಠಿಕೆ ಬೇಡ. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ ಬೀಳುತ್ತದೆ. ಜೊತೆಗೆ ಮೂರು ಶಿಫಾರಸು ಪತ್ರ, ಉದ್ದೇಶದ ಹೇಳಿಕೆ, ನಿಮ್ಮ ಬರಹದ ಒಂದು ಮಾದರಿ ಬೇಕು. ಆ ಮಾದರಿಯೇ ಎಲ್ಲಕ್ಕಿಂತ ಮುಖ್ಯ. ಮೊದಲ ಹೆಜ್ಜೆಯಲ್ಲಿ ಓದಿದ ಟೆಲಿಗ್ರಾಂಗಳ ಮೇಲೆ 20–25 ಪುಟ ಬರೆದಿದ್ದರೆ ಅದೇ ಮಾದರಿ ಆಗುತ್ತದೆ.

ಇಲ್ಲೇ ಪಿಎಚ್‌ಡಿ ಮಾಡುತ್ತಿರುವವರು ಕೆಲವು ತಿಂಗಳು ಅಲ್ಲಿಗೆ ಹೋಗಿ ಬರಬಹುದು. 1950ರಲ್ಲಿ ಎರಡು ಸರ್ಕಾರಗಳ ಒಪ್ಪಂದದಿಂದ ಹುಟ್ಟಿದ ಪ್ರತಿಷ್ಠಾನವೊಂದು ಫುಲ್‌ಬ್ರೈಟ್–ನೆಹರು ಡಾಕ್ಟರಲ್ ಫೆಲೋಶಿಪ್ ಕೊಡುತ್ತದೆ. ಶಾಫರ್ ಕೂಡ ಸಂಶೋಧನಾ ವಿದ್ಯಾರ್ಥಿಗಳಿಗೆ ಅನುದಾನ ಕೊಡುತ್ತದೆ.

ನಾಲ್ಕನೇ ಹೆಜ್ಜೆ: ಪತ್ರಾಗಾರದಲ್ಲಿ ಕೂರುವುದು

ಮುಖ್ಯ ಜಾಗ ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರ. ವಾಷಿಂಗ್ಟನ್ ಪಕ್ಕದ ಊರು. ಪಾಸ್‌ಪೋರ್ಟ್ ತೋರಿಸಿದರೆ ಸಂಶೋಧಕರ ಕಾರ್ಡ್ ಪುಕ್ಕಟೆ ಸಿಗುತ್ತದೆ. ಬ್ಯಾಗು, ಕೋಟು ಲಾಕರಿನಲ್ಲಿ ಇಟ್ಟು ಹೋಗಬೇಕು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಲ್ಯಾಪ್‌ಟಾಪ್, ಕ್ಯಾಮೆರಾ ಇರಬಹುದು, ಫ್ಲಾಶ್ ಬೇಡ. ಪೆಟ್ಟಿಗೆಗಳು ಗಾಡಿಯಲ್ಲಿ ಬರುತ್ತವೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ, ಅದರಿಂದ ಒಂದೇ ಫೋಲ್ಡರ್. ಗುಟ್ಟಿನ ಮುದ್ರೆ ಇದ್ದ ಕಾಗದದ ಫೋಟೋ ತೆಗೆಯುವ ಮೊದಲು ಸಿಬ್ಬಂದಿಯಿಂದ ಬಿಡುಗಡೆ ಸಂಖ್ಯೆಯ ಚೀಟಿ ಇಸಿದುಕೊಂಡು ಪ್ರತಿ ಫೋಟೋದಲ್ಲೂ ಕಾಣುವ ಹಾಗೆ ಇಡಬೇಕು.

ಪೆಟ್ಟಿಗೆ ತರಿಸಿಕೊಳ್ಳುವುದಕ್ಕೂ ಒಂದು ವಿದ್ಯೆ ಬೇಕು. ಸ್ಟೇಟ್ ಡಿಪಾರ್ಟ್‌ಮೆಂಟಿನ ಕಡತಗಳ ಗುಂಪಿನ ನಂಬರ್ 59. 1963ರವರೆಗೆ ಅವರು ಕಡತಗಳನ್ನು ಅಂಕಿಯಲ್ಲಿ ಜೋಡಿಸುತ್ತಿದ್ದರು. 1950ರ ದಶಕದ 611.91 ಅನ್ನುವ ಕಡತ ತೆಗೆದುಕೊಳ್ಳಿ. ಮೊದಲ 6 ಅಂದರೆ ದೇಶ ದೇಶಗಳ ರಾಜಕೀಯ ಸಂಬಂಧ, 11 ಅಂದರೆ ಅಮೆರಿಕ, 91 ಅಂದರೆ ಭಾರತ. ಭಾರತದ ಒಳಗಿನ ರಾಜಕೀಯ ಬೇಕಾದರೆ 791. 1963ರ ನಂತರ ವಿಷಯದ ಹೆಸರು ಬರುತ್ತದೆ: ರಾಜಕೀಯಕ್ಕೆ 'ಪೋಲ್', ಪಕ್ಕದಲ್ಲಿ ದೇಶಗಳ ಹೆಸರು. ಇಷ್ಟು ಕಲಿತು ಹೋದರೆ ಮೊದಲ ವಾರ ವ್ಯರ್ಥವಾಗುವುದಿಲ್ಲ.

ಅಧ್ಯಕ್ಷರ ಕಾಗದಗಳು ಮಾತ್ರ ದೇಶದ ತುಂಬ ಹರಡಿವೆ. ಟ್ರೂಮನ್‌ದು ಮಿಸೌರಿಯ ಇಂಡಿಪೆಂಡೆನ್ಸ್‌ನಲ್ಲಿ, ಐಸೆನ್‌ಹೋವರ್‌ದು ಕ್ಯಾನ್ಸಸ್‌ನ ಆಬಿಲೀನ್‌ನಲ್ಲಿ, ಕೆನಡಿಯದು ಬಾಸ್ಟನ್‌ನಲ್ಲಿ, ನಿಕ್ಸನ್‌ದು ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿ. ಎಲ್ಲ ಸುತ್ತಲು ಹೋದರೆ ಸ್ಟೈಪೆಂಡ್ ಬಸ್ಸಿಗೇ ಸಾಲದು. ಹಲವು ಲೈಬ್ರರಿಗಳ ಪ್ರತಿಷ್ಠಾನಗಳು ಪ್ರಯಾಣಕ್ಕೆ ಅನುದಾನ ಕೊಡುತ್ತವೆ, ಕೇಳಿ ತಗೊಳ್ಳಿ.

ಹೋಗಲಾಗದವರಿಗೆ ಇಲ್ಲಿಂದಲೇ ಮಾಡಬಹುದಾದ್ದು ಬಹಳ ಇದೆ. 1973ರಿಂದ 1979ರವರೆಗಿನ ಸ್ಟೇಟ್ ಡಿಪಾರ್ಟ್‌ಮೆಂಟ್ ಕೇಬಲ್‌ಗಳನ್ನು, ಅಂದರೆ ಟೆಲಿಗ್ರಾಂಗಳನ್ನು, ರಾಷ್ಟ್ರೀಯ ಪತ್ರಾಗಾರವೇ ಆನ್‌ಲೈನಿನಲ್ಲಿ ಹುಡುಕಲು ಬಿಟ್ಟಿದೆ. ಕರ್ನಾಟಕವನ್ನು ಆಗ ನೋಡಿಕೊಳ್ಳುತ್ತಿದ್ದುದು ಮದ್ರಾಸಿನ ಕಾನ್ಸುಲೇಟ್. ತುರ್ತು ಪರಿಸ್ಥಿತಿ, 1978ರ ಚಿಕ್ಕಮಗಳೂರು ಉಪಚುನಾವಣೆ ಅಂತ ಹುಡುಕುತ್ತ ಹೋಗಿ. ಊರಿನ ಹೆಸರನ್ನು ಆ ಕಾಲದ ಇಂಗ್ಲಿಷ್ ಕಾಗುಣಿತದಲ್ಲೇ ಹಾಕಬೇಕು. ನಿಕ್ಸನ್ ಟೇಪುಗಳು ಸುಮಾರು 3,700 ಗಂಟೆ ಇವೆ, ಅವುಗಳಲ್ಲಿ ಬಹುಪಾಲು ಕೇಳಲು ಸಿಗುತ್ತವೆ. ವಾಷಿಂಗ್ಟನ್ನಿನ ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಸರ್ಕಾರದಿಂದ ಕೇಳಿ ಬಿಡಿಸಿಕೊಂಡ ಕಡತಗಳನ್ನು 1985ರಿಂದ ಕೂಡಿಸುತ್ತಿದೆ. ನಮ್ಮ ರಾಷ್ಟ್ರೀಯ ಅಭಿಲೇಖಾಲಯದ 'ಅಭಿಲೇಖ ಪಟಲ್' ಜಾಲತಾಣದಲ್ಲಿ ವಿದೇಶಾಂಗ ಸಚಿವಾಲಯದ ಹಳೆಯ ಕಡತಗಳೂ ಇವೆ.

ಐದನೇ ಹೆಜ್ಜೆ: ಪಾಠ

ಸಂಶೋಧನೆ ಎಷ್ಟೇ ಇದ್ದರೂ ಕೆಲಸ ಮೇಷ್ಟರದ್ದು. ಕಾರ್ನೆಲ್‌ನಲ್ಲಿ 1959ರಿಂದ 2006ರವರೆಗೆ ಈ ವಿಷಯ ಹೇಳಿದ ವಾಲ್ಟರ್ ಲಫೀಬರ್ ಬೋರ್ಡಿನ ಮೇಲೆ ನಾಲ್ಕಾರು ಸಾಲಿನ ಪಟ್ಟಿ ಬರೆದು, ಕೈಯಲ್ಲಿ ಚೀಟಿ ಇಲ್ಲದೆ ಪಾಠ ಮಾಡುತ್ತಿದ್ದರು. ನಿವೃತ್ತಿಯ ವಿದಾಯ ಉಪನ್ಯಾಸಕ್ಕೆ ನ್ಯೂಯಾರ್ಕಿನ ಬೀಕನ್ ಥಿಯೇಟರ್ ಹಿಡಿಯಬೇಕಾಯಿತು, ಅಷ್ಟು ಜನ ಹಳೆಯ ವಿದ್ಯಾರ್ಥಿಗಳು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರರಾದ ಸ್ಯಾಂಡಿ ಬರ್ಗರ್, ಸ್ಟೀಫನ್ ಹ್ಯಾಡ್ಲಿ ಇಬ್ಬರೂ ಅವರ ಕ್ಲಾಸಿನಲ್ಲಿ ಕೂತವರು. ಒಬ್ಬರು ಡೆಮಾಕ್ರಾಟ್, ಇನ್ನೊಬ್ಬರು ರಿಪಬ್ಲಿಕನ್. ಲಫೀಬರ್ ಸ್ವತಃ ಅಮೆರಿಕದ ನೀತಿಯ ಕಟು ಟೀಕಾಕಾರರು.

ಚೀಟಿ ಇಲ್ಲದೆ ಹೇಳುವುದು ಎಲ್ಲರಿಗೂ ಬರಬೇಕಿಲ್ಲ. ಆ ಬೋರ್ಡಿನ ಪಟ್ಟಿ ಮಾತ್ರ ಕಲಿಯಬಹುದು. ಇವತ್ತಿನ ಗಂಟೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ವಿದ್ಯಾರ್ಥಿಗೆ ಕಣ್ಣೆದುರು ಕಾಣುತ್ತಿರಬೇಕು.

ಆರನೇ ಹೆಜ್ಜೆ: ಕೆಲಸದ ಸಂತೆ

ಇಲ್ಲಿ ಸಿಹಿ ಮಾತು ಹೇಳುವುದಿಲ್ಲ. ಅಮೆರಿಕದಲ್ಲಿ ಟೆನ್ಯೂರ್ ಟ್ರ್ಯಾಕ್, ಅಂದರೆ ಸುಮಾರು ಆರು ವರ್ಷದ ನಂತರ ಖಾಯಂ ಆಗುವ ಹುದ್ದೆಗಳು, 2008ರ ಆರ್ಥಿಕ ಕುಸಿತದ ನಂತರ ಬಹಳ ಕಡಿಮೆಯಾಗಿವೆ. ಒಂದೊಂದು ಹುದ್ದೆಗೂ ಅರ್ಜಿಗಳ ಗುಡ್ಡೆ ಬೀಳುತ್ತದೆ. ಜಾಹೀರಾತುಗಳು ಆಗಸ್ಟ್‌ನಿಂದ ಬರತೊಡಗುತ್ತವೆ. ಮೊದಲು ವೀಡಿಯೊ ಸಂದರ್ಶನ. ಗೆದ್ದರೆ ಕ್ಯಾಂಪಸ್‌ಗೆ ಕರೆಸಿ ಒಂದೆರಡು ದಿನ ಪರೀಕ್ಷೆ ಮಾಡುತ್ತಾರೆ: ಸಂಶೋಧನೆಯ ಮೇಲೆ ಭಾಷಣ, ಒಂದು ಪಾಠ, ಊಟದ ಮೇಜಿನ ಮಾತು ಸೇರಿ. ಸಿಗದವರು ವರ್ಷದ ಗುತ್ತಿಗೆಯಲ್ಲೋ, ಒಂದೊಂದು ಕೋರ್ಸಿಗೆ ಇಷ್ಟು ಅಂತ ಕೊಡುವ ಅಡ್ಜಂಕ್ಟ್ ಕೆಲಸದಲ್ಲೋ ಸಾಗುತ್ತಾರೆ. ನಮ್ಮ ಅತಿಥಿ ಉಪನ್ಯಾಸಕರ ಪಾಡೇ ಅದು.

ವೀಸಾ ಲೆಕ್ಕವೂ ಬೇರೆ ಇದೆ. ಇತಿಹಾಸ ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಗುಂಪಿನ ವಿಷಯ ಅಲ್ಲ. ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಓಪಿಟಿ 12 ತಿಂಗಳು ಮಾತ್ರ. ಎಂಜಿನಿಯರ್ ಗೆಳೆಯರಿಗೆ ಸಿಗುವ ಹೆಚ್ಚುವರಿ 24 ತಿಂಗಳು ನಿಮಗಿಲ್ಲ. ಸ್ಟೇಟ್ ಡಿಪಾರ್ಟ್‌ಮೆಂಟಿನ ಇತಿಹಾಸ ಕಚೇರಿಯಂಥ ಕಡೆ ಪೌರತ್ವ ಇಲ್ಲದೆ ಕೆಲಸವಿಲ್ಲ.

ಹಾಗಾಗಿ ಇನ್ನೊಂದು ಬಾಗಿಲನ್ನು ಮೊದಲಿಂದಲೇ ತೆರೆದಿಟ್ಟುಕೊಳ್ಳಿ. ಬೆಂಗಳೂರಿನ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಮತ್ತು ಕೇಂಬ್ರಿಜ್ ಪಠ್ಯಕ್ರಮದ ಶಾಲೆಗಳಲ್ಲಿ ಶೀತಲ ಸಮರ, ಕೊರಿಯಾ, ಕ್ಯೂಬಾ, ವಿಯೆಟ್ನಾಂ ಎಲ್ಲ ಪಾಠದ ಭಾಗ. ಪರೀಕ್ಷೆಯಲ್ಲಿ ಮೂಲ ದಾಖಲೆ ಕೊಟ್ಟು ವಿಶ್ಲೇಷಣೆ ಕೇಳುತ್ತಾರೆ. ಟೆಲಿಗ್ರಾಂ ಓದಲು ಕಲಿತವರಿಗೆ ಇದಕ್ಕಿಂತ ಹೊಂದುವ ಕೆಲಸ ನಮ್ಮೂರಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಲೆಕ್ಕ. ಕೆಲವರು ಇದನ್ನು ಸೋಲು ಅಂದುಕೊಳ್ಳುತ್ತಾರೆ, ಸುಮ್ನೆ.

ಡೆಮೊ ಕ್ಲಾಸಿಗೆ ಕರೆದರೆ, ಸೋವಿಯತ್ ಕ್ಷಿಪಣಿಗಳಿಂದ ಎದ್ದ ಕ್ಯೂಬಾ ಬಿಕ್ಕಟ್ಟಿನ 13 ದಿನವನ್ನೂ 40 ನಿಮಿಷದಲ್ಲಿ ತುರುಕಬೇಡಿ. 1962ರ ಅಕ್ಟೋಬರ್ 27ರ ಶನಿವಾರ ಒಂದನ್ನೇ ತಗೊಳ್ಳಿ. ಹಿಂದಿನ ದಿನ ಸೋವಿಯತ್ ನಾಯಕ ಕ್ರುಶ್ಚೇವ್ ಅಧ್ಯಕ್ಷ ಕೆನಡಿಗೆ ಮೆತ್ತಗಿನ ಪತ್ರ ಬರೆದಿದ್ದರು, ಬೆಳಿಗ್ಗೆ ಎರಡನೆಯದು ಬಿರುಸಾಗಿ ಬಂತು. ಕ್ಯೂಬಾದ ಮೇಲೆ ಹಾರುತ್ತಿದ್ದ ಅಮೆರಿಕದ ಬೇಹುಗಾರಿಕೆ ವಿಮಾನ ಯು-2 ಹೊಡೆತಕ್ಕೆ ಉರುಳಿ ಪೈಲಟ್ ಸತ್ತರು. ಇನ್ನೊಂದು ಯು-2 ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋಯಿತು. ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ಕಂಡು ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುವ ಬಗ್ಗೆ ಗುಟ್ಟಿನ ಮಾತು ಕೊಟ್ಟರು. ಆ ಎರಡು ಪತ್ರಗಳ ಪ್ರತಿ ಮಕ್ಕಳ ಕೈಗೆ ಕೊಟ್ಟು, ಯಾವುದಕ್ಕೆ ಉತ್ತರ ಬರೆಯುತ್ತೀರಿ ಅಂತ ಕೇಳಿ ಕೂತುಬಿಡಿ. ಉಳಿದ ಪಾಠ ಅವರೇ ಮಾಡುತ್ತಾರೆ.